ನಲವತ್ತನೆಯ ಧಾಟಿ

೮ ಆಗಸ್ಟ್ ೨೦೧೧, ಸೋಮವಾರ

ಇವತ್ತು ಚೇರಮನ್ ದಾದಾಸಾಹೇಬರು ಕಾಲೇಜಿನ ಗ್ರಂಥಾಲಯಕ್ಕೆ ಬಂದರು. ನಾನಿಲ್ಲಿ ಗ್ರಂಥಪಾಲಕಿಯಾದ ಹದಿನೆಂಟು ವರ್ಷಗಳಲ್ಲಿ ಇದು ಎರಡನೆಯ ಸಲ. ಮೊದಲ ಸಲ ಬಂದದ್ದು ಉದ್ಘಾಟನೆಗೆ. ಕಪಾಟುಗಳನ್ನು ಒಂದು ಸುತ್ತು ನೋಡಿ, ಇವೆಲ್ಲ ಓದಿದ್ದೀರೇನು ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

ಬಂದ ಕೆಲಸ ಇದು. ಈ ಕಾಲೇಜನ್ನು ನಡೆಸುವ ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಗೆ ಒಂದು ಬ್ಯಾಂಡ್ ಇದೆ. ಕೆಂಪು ಕೋಟು, ಜರಿ ಪಟ್ಟಿ, ಹದಿನಾಲ್ಕು ಜನ. ದೊಡ್ಡ ಡೋಲಿನ ಚರ್ಮದ ಮೇಲೆ ಹಳದಿ ಬಣ್ಣದಲ್ಲಿ 'ಸಿಂಫನಿ ಆರ್ಕೆಸ್ಟ್ರಾ' ಎಂದು ಬರೆದಿದೆ. ದಾದಾಸಾಹೇಬರ ತಂದೆ, ಅಂದರೆ ಸಂಸ್ಥಾಪಕ ಚೇರಮನ್ನರು, ಎಪ್ಪತ್ತೊಂದರಲ್ಲಿ ಯಂತ್ರ ನೋಡಲು ಯುರೋಪಿಗೆ ಹೋಗಿದ್ದಾಗ ಅಲ್ಲಿಯವರು ಒಂದು ಸಂಜೆ ಸಿಂಫನಿ ಕಛೇರಿಗೆ ಕರೆದುಕೊಂಡು ಹೋದರಂತೆ. ಆ ವಾದ್ಯವೃಂದ ಪ್ರತಿವರ್ಷ ಸಂಗೀತಗಾರನೊಬ್ಬನಿಗೆ ಹೇಳಿ ಹೊಸ ಕೃತಿ ಬರೆಸುತ್ತದೆ, ಅದನ್ನು ಮೊದಲ ಸಲ ತಾನೇ ನುಡಿಸುತ್ತದೆ ಎಂದು ಕೇಳಿ ಅವರಿಗೆ ರೋಮಾಂಚನವಾಯಿತಂತೆ. ಇದು ಅಧಿಕೃತ ವರದಿ. ಜೊತೆಗೆ ಹೋಗಿದ್ದ ಚೀಫ್ ಇಂಜಿನಿಯರು ಬದುಕಿರುವಷ್ಟು ದಿನ ಹೇಳುತ್ತಿದ್ದದ್ದು ಬೇರೆ. ಸಾಹೇಬರು ಹತ್ತೇ ನಿಮಿಷಕ್ಕೆ ನಿದ್ದೆ ಹೋದರು, ಚಪ್ಪಾಳೆಯ ಸದ್ದಿಗೆ ಎಚ್ಚರವಾಗಿ, ಇದು ನಮ್ಮಲ್ಲೂ ಆಗಬೇಕು ಎಂದರು.

ಆಯಿತು. ಎಪ್ಪತ್ತೆರಡರಿಂದ ಕಬ್ಬು ಅರೆಯುವ ಪ್ರತಿ ಹಂಗಾಮಿಗೆ, ಬಾಯ್ಲರಿಗೆ ಬೆಂಕಿ ಹಚ್ಚುವ ದಿನ, ಒಂದು ಹೊಸ ಧಾಟಿ. ಈ ವರ್ಷ ನಲವತ್ತನೆಯದು. ಅದಕ್ಕೊಂದು ಸ್ಮರಣ ಸಂಚಿಕೆ ಬರುತ್ತದೆ. ಆರ್ಕೆಸ್ಟ್ರಾದ ಇತಿಹಾಸವನ್ನು ನಾನು ಬರೆಯಬೇಕು.

"ನೀವು ಎಂ.ಎ. ಅದೀರಿ ಮೇಡಂ, ಕವಿತಾ ಓದ್ತೀರಿ," ಎಂದರು ದಾದಾಸಾಹೇಬರು. "ನಮ್ಮ ತಂದೆಯವರಿಗೆ ಯುಗಪುರುಷ ಅಂತ ಬರೀರಿ. ಮುಂದಿಂದು ನಿಮಗ ಬಿಟ್ಟದ್ದು."

ಆ ಪದವನ್ನು ನನ್ನ ಪೆನ್ನು ಬರೆಯುವುದಿಲ್ಲ. ಇಲ್ಲಿ ಗುರುತು ಮಾಡಿ ಇಡುತ್ತಿದ್ದೇನೆ.

೧೯ ಆಗಸ್ಟ್

ಕಾರ್ಖಾನೆಯಿಂದ ಸಭೆಗಳ ನಡಾವಳಿ ಪುಸ್ತಕಗಳ ಗಂಟು ಬಂದಿದೆ. ಮೂರು ದಿನದಿಂದ ಓದುತ್ತಿದ್ದೇನೆ. ಇಷ್ಟು ನಕ್ಕು ಬಹಳ ದಿನವಾಗಿತ್ತು.

ಧಾಟಿಗೆ ಇಲ್ಲಿ 'ಚಾಲ' ಎನ್ನುತ್ತಾರೆ, ಮರಾಠಿಯಿಂದ ಬಂದ ಮಾತು. ಚಾಲದ ಉದ್ಘಾಟನೆಯನ್ನು ಮಾಡುವುದು ಹೇಗೆ ಎಂಬ ಪ್ರಶ್ನೆ ಎಪ್ಪತ್ತೊಂಬತ್ತರ ಸಭೆಯಲ್ಲಿ ಬಂದಿದೆ. ಕಟ್ಟಡವಾದರೆ ಬಾಗಿಲಿರುತ್ತದೆ, ಚಾಲಕ್ಕೆ ಏನಿದೆ? ಒಂದೂವರೆ ಗಂಟೆ ಚರ್ಚೆಯಾಗಿ, ಎಲ್ಲಕ್ಕಿಂತ ದೊಡ್ಡ ಕಹಳೆಯ ಬಾಯಿಗೆ ರಿಬ್ಬನ್ ಕಟ್ಟುವುದು, ಮಂತ್ರಿಗಳು ಅದನ್ನು ಕತ್ತರಿಸುವುದು ಎಂದು ನಿರ್ಣಯವಾಯಿತು. ಎಂಬತ್ತಮೂರರಲ್ಲಿ ಕತ್ತರಿ ಹರಿತವಿರಲಿಲ್ಲ. ಮಂತ್ರಿಗಳು ಎಳೆದರು. ಕಹಳೆ, ಅದನ್ನು ಹಿಡಿದವನು, ಮಂತ್ರಿಗಳು ಈ ಕ್ರಮದಲ್ಲಿ ಬಿದ್ದರು. ನಡಾವಳಿಯಲ್ಲಿ 'ಕಾರ್ಯಕ್ರಮ ಉತ್ಸಾಹದಿಂದ ಜರುಗಿತು' ಎಂದಿದೆ.

ಆದರೆ ರತ್ನ ಎಂದರೆ ಎಪ್ಪತ್ತೈದರ ನಿರ್ಣಯ. ಪ್ರತಿ ಚಾಲವನ್ನೂ ಯಾರಾದರೊಬ್ಬ ಗಣ್ಯರಿಗೆ ಅರ್ಪಿಸುವುದು ಪದ್ಧತಿ. ಹಿಂದಿನ ವರ್ಷ ರಾಯಬಾಗದ ನಿರ್ದೇಶಕರೊಬ್ಬರಿಗೆ ಅರ್ಪಿಸಿದ ಚಾಲವನ್ನು ಬ್ಯಾಂಡಿನವರು ಅಥಣಿಯ ನಿರ್ದೇಶಕರ ಮಗಳ ಮದುವೆಯಲ್ಲಿ ನುಡಿಸಿಬಿಟ್ಟರು. ರಾಯಬಾಗದವರು ಪಂಕ್ತಿಯಿಂದ ಎದ್ದು ಹೋದರು. ಸಭೆಯಲ್ಲಿ ಅವರು ಆಡಿದ ಮಾತನ್ನು ಕಾರ್ಯದರ್ಶಿ ಪಾಪ ಹಾಗೇ ಬರೆದುಕೊಂಡಿದ್ದಾನೆ: "ನಾ ಉಂಡ ಎಲಿ ಮ್ಯಾಲೆ ಮಂದಿಗೆ ನೀಡ್ತೀರೇನು?" ಅವತ್ತಿನಿಂದ ಒಬ್ಬರಿಗೆ ಅರ್ಪಿಸಿದ ಚಾಲವನ್ನು ಇನ್ನೊಬ್ಬರ ಕಾರ್ಯದಲ್ಲಿ ನುಡಿಸತಕ್ಕದ್ದಲ್ಲ. ಅದು ಎಂಜಲು.

ಹಾಗಾಗಿ ಮೂವತ್ತೊಂಬತ್ತು ಚಾಲಗಳು ಹುಟ್ಟಿದ ದಿನವೇ ಸತ್ತಿವೆ. ಒಂದೂ ಎರಡನೆಯ ಸಲ ಕೇಳಿಬಂದಿಲ್ಲ. ನಮ್ಮ ವಿಶ್ವಕೋಶ ತೆಗೆದು ನೋಡಿದೆ. ಯುರೋಪಿನಲ್ಲೂ ದೊಡ್ಡ ದೊಡ್ಡ ವಾದ್ಯವೃಂದಗಳು ಹೇಳಿ ಬರೆಸಿದ ಹೊಸ ಕೃತಿಗಳಲ್ಲಿ ಬಹುಪಾಲು ಒಂದೇ ಸಲ ನುಡಿದು ಕಪಾಟು ಸೇರುತ್ತವಂತೆ. ಅಷ್ಟರ ಮಟ್ಟಿಗೆ ನಮ್ಮದು ನಿಜವಾದ ಸಿಂಫನಿಯೇ.

೨೮ ಆಗಸ್ಟ್, ರವಿವಾರ

ಚಾಲ ಕಟ್ಟುವವನ ಮನೆಗೆ ಹೋಗಿದ್ದೆ. ಕಾಡಸಿದ್ದ ಎಂದು ಹೆಸರು, ಅರವತ್ತೇಳು ವಯಸ್ಸು, ಕ್ಲಾರಿನೆಟ್ ಊದುತ್ತಾನೆ. ಹಂಗಾಮಿನಲ್ಲಿ ಕಬ್ಬು ತೂಗುವ ಕಾಟಾದ ಮುಂದೆ ಚೀಟಿ ಹರಿದು ಕೊಡುವ ಕೆಲಸ. ಎಪ್ಪತ್ತೇಳರಿಂದ ಈಚಿನ ಮೂವತ್ತನಾಲ್ಕು ಚಾಲಗಳೂ ಅವನವೇ. ಒಂದು ಆಮಂತ್ರಣ ಪತ್ರಿಕೆಯಲ್ಲೂ ಅವನ ಹೆಸರಿಲ್ಲ. ಮಂಟಪ ಹಾಕಿದವನದಿದೆ, ಧ್ವನಿವರ್ಧಕದವನದಿದೆ.

ಅವನ ಹೆಂಡತಿ ಕಾಳವ್ವ ಹಿಟ್ಟಿನ ಡಬ್ಬಿಯೊಂದನ್ನು ತಂದು ನನ್ನ ಮುಂದೆ ಸುರಿದಳು. ಕಾಟಾ ಚೀಟಿಗಳು. ಮುಂಬದಿಗೆ ಗಾಡಿ ನಂಬರು, ಕಬ್ಬಿನ ತೂಕ. ಹಿಂಬದಿಗೆ ಸೀಸದ ಕಡ್ಡಿಯಲ್ಲಿ ಸ ರಿ ಗ ಮ. ಒಂದೊಂದು ಚಾಲಕ್ಕೆ ಐದಾರು ಚೀಟಿಗಳನ್ನು ಸೂಜಿದಾರದಿಂದ ಹೊಲಿದಿಟ್ಟಿದ್ದಾನೆ. ಇತಿಹಾಸಕ್ಕೆ ಬೇಕು ಎಂದು ಎಲ್ಲ ಕೇಳಿ ತಂದಿದ್ದೇನೆ.

ಹೊರಡುವಾಗ ಅವನು ಮೇಲಿನ ಮುಂದಿನ ಎರಡು ಹಲ್ಲುಗಳನ್ನು ಬೆರಳಿನಿಂದ ಅಲುಗಾಡಿಸಿ ತೋರಿಸಿದ. ಕ್ಲಾರಿನೆಟ್ಟಿನ ತುದಿ ಆ ಎರಡು ಹಲ್ಲುಗಳ ಮೇಲೇ ನಿಲ್ಲುತ್ತದೆ. ಅವನ್ನು ಕೀಳಿಸಲೇಬೇಕು ಎಂದು ನಿಪ್ಪಾಣಿಯ ಹಲ್ಲಿನ ಡಾಕ್ಟರರು ಹೇಳಿದ್ದಾರೆ. ಕಿತ್ತ ಮೇಲೆ ಊದುವುದು ಮುಗಿಯಿತು. ಅಷ್ಟರೊಳಗೆ ಅವನಿಗೊಂದು ಆಸೆ. ಎಂಬತ್ತಾರರಲ್ಲಿ ಕಟ್ಟಿದ ಚಾಲವನ್ನು ಪೂರ್ತಿ ಬ್ಯಾಂಡಿನೊಂದಿಗೆ ಇನ್ನೊಂದು ಸಲ ನುಡಿಸಬೇಕು. ಮನೆಯಲ್ಲೇ ಊದಿಕೊಳ್ಳಬಹುದಲ್ಲ ಎಂದೆ. ಒಬ್ಬನೇ ಊದಿದರೆ ಅದು ಚಾಲವಲ್ಲವಂತೆ, ನೆನಪಂತೆ.

"ಮೊದಲ್ನೇ ಸಲ ಊದಾಗ ನಾವು ಬೆರಳ ನೋಡ್ತೇವ್ರಿ ಅಕ್ಕಾರ, ಮಂದಿ ಮಂತ್ರಿನ್ನ ನೋಡ್ತಾರ," ಎಂದ. "ಚಾಲ ಕೇಳೂದು ಎರಡ್ನೇ ಸಲಕ್ಕ. ನನ್ನ ಒಂದ ಚಾಲನೂ ಇನ್ನ ಯಾರೂ ಕೇಳಿಲ್ರಿ. ನಾನೂ ಕೇಳಿಲ್ಲ."

ಕವಿತೆಯ ವಿಷಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಹೇಳುವ ಮಾತೂ ಇದೇ. ಕಾಟಾ ಚೀಟಿ ಹರಿಯುವವನ ಬಾಯಲ್ಲಿ ಕೇಳಿ ಸ್ವಲ್ಪ ಇರುಸುಮುರುಸಾಯಿತು.

೫ ಸೆಪ್ಟೆಂಬರ್

ದಾದಾಸಾಹೇಬರ ಮುಂದೆ ಕಾಡಸಿದ್ದನ ಮಾತು ಎತ್ತಿದೆ. ನಲವತ್ತನೆಯ ವರ್ಷಕ್ಕೆ ಹೊಸದರ ಬದಲು ಹಳೆಯದೊಂದನ್ನು, ಎಂಬತ್ತಾರರದನ್ನು, ನುಡಿಸಿದರೆ ಹೇಗೆ ಎಂದೆ.

ಎಂಬತ್ತಾರರ ಚಾಲವನ್ನು ಅರ್ಪಿಸಿದ್ದು ಆಗಿನ ವೈಸ್ ಚೇರಮನ್ ಭಾವುಸಾಹೇಬರಿಗೆ. ಮರುವರ್ಷವೇ ಅವರು ಸಿಡಿದುಹೋಗಿ ಕಾರ್ಖಾನೆಯ ಚುನಾವಣೆಗೆ ಎದುರು ಪ್ಯಾನೆಲ್ ಕಟ್ಟಿದರು. ಇಪ್ಪತ್ತೈದು ವರ್ಷ ಎರಡು ಮನೆಗಳ ನಡುವೆ ಹೆಣದ ಮುಂದೆಯೂ ಮಾತಿರಲಿಲ್ಲ. ಈಗ ಚುನಾವಣೆ ಬರುತ್ತಿದೆ, ರಾಜಿಯಾಗಿದೆ. ಈ ಸಲ ಭಾವುಸಾಹೇಬರೇ ಮುಖ್ಯ ಅತಿಥಿ. ಆದರೆ ನಲವತ್ತನೆಯ ಚಾಲ ಅರ್ಪಣೆಯಾಗಬೇಕಾದದ್ದು ದಾದಾಸಾಹೇಬರ ತೀರಿಹೋದ ತಂದೆಗೆ.

"ನಮ್ಮ ತಂದೆಯವರಿಗೆ ಭಾವುಸಾಹೇಬರ ಎಂಜಲಾ ಏನ್ರಿ ಮೇಡಂ?" ಎಂದರು. ಧ್ವನಿ ಏರಿಸಲಿಲ್ಲ. ಆ ಚಾಲ ಎಲ್ಲಾದರೂ ಕೇಳಿಬಂದರೆ ಕಾಡಸಿದ್ದ ಬ್ಯಾಂಡನ್ನೂ ಬಿಡಬೇಕು, ಕಾರ್ಖಾನೆಯ ಮನೆಯನ್ನೂ ಬಿಡಬೇಕು ಎಂದು ಅದೇ ಧ್ವನಿಯಲ್ಲಿ ಹೇಳಿದರು.

ಆಮೇಲೆ ಚಹಾ ತರಿಸಿದರು. ಈ ಸಲದ ಚಾಲಕ್ಕೆ ಸಾಹಿತ್ಯವೂ ಇರಲಿ ಎಂದು ಅವರ ಯೋಚನೆ. ಹಾಡಲು ಬಿ.ಕಾಂ. ಓದುವ ಕೋಮಲ ಇದ್ದಾಳೆ. ಪದ್ಯ ನಾನು ಬರೆದುಕೊಡಬೇಕು. ಆಮಂತ್ರಣದಲ್ಲಿ 'ಕವಯಿತ್ರಿ' ಎಂದು ನನ್ನ ಹೆಸರು ಹಾಕಿಸುತ್ತಾರಂತೆ.

ಇಲ್ಲ ಎನ್ನುವವಳಿದ್ದೆ. ಬಾಯಲ್ಲಿ ಬಿಸ್ಕೀಟು ಇತ್ತು.

೬ ಸೆಪ್ಟೆಂಬರ್

ಎರಡು ಸಾಲು ಬಂದಿವೆ. ಸುಮ್ಮನೆ, ಕೈ ಅಭ್ಯಾಸಕ್ಕೆ.

೧೪ ಸೆಪ್ಟೆಂಬರ್

ಕಾಡಸಿದ್ದನಿಗೆ ವಿಷಯ ತಿಳಿಸಿದೆ. ಹೊಸದನ್ನು ಕಟ್ಟಿ ಮೊದಲ ಸಲ ನುಡಿಸುವುದೇ ಈ ಸಂಸ್ಥೆಯ ಪರಂಪರೆ. ಹಳೆಯದನ್ನು ಮತ್ತೆ ನುಡಿಸಿದರೆ ಪರಂಪರೆ ಮುರಿದಂತಾಗುತ್ತದೆ ಎಂದು ವಿವರಿಸಿದೆ. ಸಾಕಷ್ಟು ಚೆನ್ನಾಗಿಯೇ ವಿವರಿಸಿದೆ. ಅವನು ನನ್ನ ಚಪ್ಪಲಿ ನೋಡುತ್ತ, ಆಯಿತ್ರಿ ಎಂದ. ಹಲ್ಲು ಕೀಳಿಸುವುದನ್ನು ನವೆಂಬರಿಗೆ ಮುಂದೂಡುತ್ತಾನಂತೆ. ನನ್ನ ಹಾಡಿಗಾಗಿ ಇಷ್ಟು ಮಾಡುತ್ತಿದ್ದಾನಲ್ಲ ಎಂದು ಸಂತೋಷವಾಯಿತು.

ಪದ್ಯಕ್ಕೆ ಒಂದೇ ಷರತ್ತು ಹಾಕಿದ. ಸಾಲಿಗೆ ಹನ್ನೆರಡು ಅಕ್ಷರ ಇರಬೇಕು, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಇವನಿಗೆ ಛಂದಸ್ಸು ಯಾರು ಕಲಿಸಿದರೋ. ಇಂಥ ನಿಯಮ ಕವಿಗೆ ಒಳ್ಳೆಯದು ಎಂದು ಅವನನ್ನು ಹೊಗಳಿದೆ.

ಪಲ್ಲವಿ ಆಯಿತು.

ಕಬ್ಬಿನ ಒಡಲೊಳಗೆ ಮಲಗಿದ
ಸಿಹಿಯ ಹುಟ್ಟಿಗೆ ಉರಿಯೇ ತೊಟ್ಟಿಲು
ಹಗಲಿರುಳು ಬೆವರಿದ ಕೈಯಿದು
ತೂಗಿತು ನೋಡಿರಿ ನಮ್ಮೂರ ಬದುಕ

ಎರಡನೆಯ ಸಾಲು ನನ್ನದೇ ಎಂದು ನಂಬುವುದಕ್ಕೆ ಆಗುತ್ತಿಲ್ಲ.

೨೩ ಸೆಪ್ಟೆಂಬರ್

ದಾದಾಸಾಹೇಬರು ಮೂರನೆಯ ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕಳಿಸಿದ್ದಾರೆ. ಚುನಾವಣೆಯ ವರ್ಷ ಬೆವರಿನ ಮಾತು ಬೇಡ, ಕೂಲಿಯವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿ ತಂದೆಯವರು ಬರಲಿ ಎಂದು ಸೂಚನೆ. 'ಯುಗಪುರುಷನ ಅಮೃತಹಸ್ತವು' ಎಂದು ಬದಲಿಸಿದೆ. ಎಣಿಸಿ ನೋಡಿದೆ, ಸರಿಯಾಗಿ ಹನ್ನೆರಡು. ಛಂದಸ್ಸೇ ಒಪ್ಪಿದ ಮೇಲೆ ನಾನು ಯಾರು. ಅಲ್ಲಿದ್ದದ್ದೂ ಕೈ, ಇದೂ ಕೈ. ಯಾರ ಕೈ ಎಂಬುದಷ್ಟೇ ಬೇರೆ.

೨ ಅಕ್ಟೋಬರ್, ರವಿವಾರ

ಆಮಂತ್ರಣದ ಕರಡು ಬಂತು. ನನ್ನ ಹೆಸರನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿಸಬಹುದಿತ್ತು. ಅದನ್ನು ಹೇಳಿ ಕಳಿಸಿದ್ದೇನೆ. ಇದು ನನಗಾಗಿ ಅಲ್ಲ, ಕಾವ್ಯಕ್ಕೆ ಸಲ್ಲಬೇಕಾದ ಗೌರವದ ಪ್ರಶ್ನೆ.

ಅಥಣಿಯ ಬ್ಯಾಂಕಿನಿಂದ ರಜೆಗೆ ಬಂದಿರುವ ಜಯಪಾಲ ಅದನ್ನು ಓದಿ, ಅಚ್ಚುಕಟ್ಟಾಗಿದೆ ಎಂದರು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ ಗಂಡ ಎಲ್ಲಕ್ಕೂ ಅಚ್ಚುಕಟ್ಟಾಗಿದೆ ಎನ್ನುತ್ತಾನೆ. ಅತ್ತೆ ಅಕ್ಕುತಾಯಿ, ಎಂಬತ್ತೊಂದು ತುಂಬಿದವರು, ಕನ್ನಡಕ ತರಿಸಿದರು.

"ನಿನ್ನ ಹೆಸರ ಎಷ್ಟನೇ ಸಾಲಿನ್ಯಾಗ ಐತಿ?"

ಹನ್ನೊಂದನೆಯದು ಎಂದೆ.

"ಅಲ್ಲಿತನಕ ಓದಾವ ಯಾವ ಅದಾನ ಬೇ," ಎಂದು ಪತ್ರಿಕೆಯನ್ನು ಮಡಚಿ ಬೀಸಣಿಕೆ ಮಾಡಿಕೊಂಡರು.

ಸಂಜೆ ಊಟವಾದ ಮೇಲೆ, ಹೊತ್ತು ಮುಳುಗುವ ಮುಂಚೆ, ನೀಲಿ ಇಳಕಲ್ ಸೀರೆ ತೆಗೆದು ನೋಡಿದೆ. ನುಸಿ ಹಿಡಿದಿಲ್ಲ.

೧೧ ಅಕ್ಟೋಬರ್

ಖಾಲಿ ಚೀಲಗಳ ಗೋದಾಮಿನಲ್ಲಿ ತಾಲೀಮು. ಗೋಣಿಯ ಧೂಳಿಗೆ ಎಲ್ಲರೂ ಸೀನುತ್ತಾರೆ, ಡೋಲಿನ ಜ್ಞಾನದೇವ ಮಾತ್ರ ಸೀನಿದ್ದನ್ನೂ ತಾಳಕ್ಕೆ ಸೇರಿಸುತ್ತಾನೆ. ಅವನ ಕಿವಿ ಡೋಲಿನಿಂದಲೇ ಕೆಟ್ಟು ಎಷ್ಟೋ ವರ್ಷವಾಯಿತಂತೆ.

ಆಮೇಲೆ ನನ್ನ ಹಾಡು ಶುರುವಾಯಿತು. ಗೊತ್ತಿಲ್ಲ, ಹೇಗೆ ಬರೆಯಲಿ. 'ಉರಿಯೇ ತೊಟ್ಟಿಲು' ಎಂಬಲ್ಲಿ ಕ್ಲಾರಿನೆಟ್ಟು ಮೇಲಕ್ಕೆ ಹೋಗಿ, ಇಳಿಯಬೇಕಾದ ಕಡೆ ಇಳಿಯದೆ, ಮನಸ್ಸು ಬದಲಿಸಿದಂತೆ ಅಲ್ಲೇ ಒಂದು ಕ್ಷಣ ನಿಲ್ಲುತ್ತದೆ. ನನ್ನ ಪದ್ಯದಲ್ಲಿ ಇಷ್ಟೆಲ್ಲ ಇತ್ತೆ? ಇದ್ದಿರಬೇಕು. ಇಲ್ಲದಿದ್ದರೆ ಅವನಿಗೆ ಹೊಳೆಯುತ್ತಿತ್ತೇ. ಮೂರನೆಯ ಸಾಲಿಗೆ ಮಾತ್ರ ಕಾಡಸಿದ್ದ ಪ್ರತಿಸಲವೂ ವಾದ್ಯ ಕೆಳಗಿಳಿಸಿ ಸುಮ್ಮನಾಗುತ್ತಾನೆ. ಹಲ್ಲು ನೋಯುತ್ತಿರಬೇಕು. ನಾನು ಕೇಳಲಿಲ್ಲ.

೧೬ ಅಕ್ಟೋಬರ್, ರವಿವಾರ

ಬೆಳಗ್ಗೆಯಿಂದ ಮೈ ಉರಿಯುತ್ತಿದೆ.

ಸಂಚಿಕೆಗೆ ಹಳೆಯ ಚಾಲಗಳ ಯಾದಿ ಮಾಡುತ್ತಿದ್ದೆ. ಯಾವ ವರ್ಷ, ಯಾರಿಗೆ ಅರ್ಪಣೆ, ಎಷ್ಟು ಚೀಟಿ. ಎಂಬತ್ತಾರರ ಕಟ್ಟು ಕೈಗೆ ಬಂತು. ಮುಂಬದಿಗೆ ಬೇಡಕಿಹಾಳದ ಯಾರದೋ ಎತ್ತಿನ ಗಾಡಿಯ ತೂಕ, ಹಿಂಬದಿಗೆ ಸ್ವರ. ಪಕ್ಕದಲ್ಲೇ ಕೋಮಲಳಿಗೆಂದು ಅವನು ಬರೆದುಕೊಟ್ಟ ಹೊಸ ಹಾಡಿನ ಕಾಗದ ಇತ್ತು. ಮೊದಲ ಸಾಲು ಒಂದೇ. ಎರಡನೆಯದೂ ಒಂದೇ. ಮೇಲಕ್ಕೆ ಹೋಗಿ ಇಳಿಯದೆ ನಿಲ್ಲುವ ಆ ಜಾಗವೂ ಒಂದೇ, ಅದೇ ಸ್ವರ, ಅದರ ಮೇಲೆ ಅದೇ ಸಣ್ಣ ಚುಕ್ಕೆ. ಪ್ರತಿ ಸಾಲಿನಲ್ಲೂ ಎಣಿಸಿದೆ. ಹನ್ನೆರಡು.

ಛಂದಸ್ಸಲ್ಲ ಅದು. ಅಳತೆ ಕೊಟ್ಟು ಅಂಗಿ ಹೊಲಿಸಿಕೊಂಡಿದ್ದಾನೆ. ನಾನು ದರ್ಜಿ.

ಇಪ್ಪತ್ತೈದು ವರ್ಷದ ಹಿಂದೆ ಭಾವುಸಾಹೇಬರಿಗೆ ನೈವೇದ್ಯವಾದದ್ದರ ಮೇಲೆ ನನ್ನ ಕವಿತೆಯನ್ನು ಹೊದಿಸಿ ಬಾಯ್ಲರಿನ ಮುಂದೆ ನಿಲ್ಲಿಸುತ್ತಾನೆ. ಇದು ನನ್ನ ಮೊದಲ ಹಾಡು. ನಲವತ್ತೆಂಟನೆಯ ವಯಸ್ಸಿಗೆ ಬಂದ ಮೊದಲ ಹಾಡು, ಅದೂ ಎಂಜಲ ಎಲೆಯಲ್ಲಿ. ಈ ಪದ ಬರೆದಾದ ಮೇಲೆ ನೋಡುತ್ತಿದ್ದೇನೆ, ಇದು ನಾನು ಆಗಸ್ಟಿನಲ್ಲಿ ನಕ್ಕ ಪದ. ಇರಲಿ. ಸಿಟ್ಟು ಬಂದಾಗ ಪದ ಆರಿಸುವುದಕ್ಕೆ ಆಗುವುದಿಲ್ಲ.

ನಾಳೆ ದಾದಾಸಾಹೇಬರಿಗೆ ಹೇಳಿಬಿಡುತ್ತೇನೆ.

೧೮ ಅಕ್ಟೋಬರ್

ನಿನ್ನೆ ಚೇರಮನ್ನರ ಬಂಗಲೆಯ ಗೇಟಿನತನಕ ಹೋದೆ. ಅಲ್ಲಿಂದ ರಿಕ್ಷಾ ತಿರುಗಿಸಿ ಕಾಟಾದ ಹಿಂದಿನ ಓಣಿಗೆ, ಕಾಡಸಿದ್ದನ ಮನೆಗೆ ಹೋದೆ. ಮೊದಲು ಅವನ ಬಾಯಿಂದಲೇ ಕೇಳಬೇಕಿತ್ತು.

ಎರಡೂ ಕಾಗದಗಳನ್ನು ಚಾಪೆಯ ಮೇಲಿಟ್ಟೆ. ಕಾಡಸಿದ್ದ ನೋಡಲಿಲ್ಲ. ಕಾಳವ್ವ ನೋಡಿದಳು, ಒಳಗೆ ಹೋದಳು.

"ನೀವು ಹನ್ನೆರಡಕ್ಷರಕ್ಕ ಹಿಡೀತೀರಿ ಅಂತ ಹೆದರಿದ್ದೆ ಅಕ್ಕಾರ," ಎಂದರು ಕಾಡಸಿದ್ದ. "ನೀವು ಖುಷಿ ಪಟ್ರಿ."

ನನ್ನ ಪದ್ಯ ಇಲ್ಲದಿದ್ದರೂ ಇದನ್ನೇ ಮಾಡುತ್ತಿದ್ದಿರಾ ಎಂದು ಕೇಳಿದೆ. ಹೌದಂತೆ. ಪದ್ಯ ಬಂದದ್ದರಿಂದ ಇನ್ನೂ ಸುಲಭವಾಯಿತಂತೆ. ಮಾತು ಹೊಸದಾದರೆ ಜನಕ್ಕೆ ಚಾಲವೂ ಹೊಸದೇ. ಎಂಬತ್ತಾರರಲ್ಲಿ ಬ್ಯಾಂಡಿನಲ್ಲಿದ್ದವರಲ್ಲಿ ಈಗ ಉಳಿದಿರುವವನು ಜ್ಞಾನದೇವ ಒಬ್ಬ, ಅವನಿಗೆ ಕೇಳಿಸುವುದಿಲ್ಲ. ಭಾವುಸಾಹೇಬರು ವೇದಿಕೆಯ ಮೇಲೇ ಇರುತ್ತಾರಲ್ಲ, ಅವರಿಗೆ ಗುರುತು ಸಿಕ್ಕರೆ? ಆಗ ಮನೆ ಹೋಗುತ್ತದಲ್ಲ? ಅದನ್ನೂ ಯೋಚಿಸಿದ್ದಾರೆ. ಕಾಳವ್ವನ ತಮ್ಮನದು ಬೋರಗಾಂವದಲ್ಲಿ ಒಂದು ಖೋಲಿ ಇದೆ, ಪಾತ್ರೆಗಳನ್ನು ಆಗಲೇ ಒಂದು ಚೀಲಕ್ಕೆ ಹಾಕಿಟ್ಟಿದ್ದಾಳೆ.

ಚೀಲ ಬಾಗಿಲ ಮರೆಯಲ್ಲೇ ಇತ್ತು. ನಾನು ಬಂದಾಗಿನಿಂದ ಅದಕ್ಕೆ ಒರಗಿ ಕೂತಿದ್ದೆ.

ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಯೋಚಿಸುವುದಕ್ಕೆ ಬಹಳ ಇದೆ.

೨೪ ಅಕ್ಟೋಬರ್

ಇಷ್ಟು ದಿನ ಇಲ್ಲದ ಪದ್ಧತಿಯೊಂದು ಶುರುವಾಗಿದೆ. ಧಾಟಿ 'ಈ ಹಿಂದೆ ಎಲ್ಲಿಯೂ ನುಡಿಸಿದ್ದಲ್ಲ, ಸಂಪೂರ್ಣ ಹೊಸದು' ಎಂದು ಇತಿಹಾಸಕಾರರ ದೃಢೀಕರಣ ಬೇಕಂತೆ. ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಕಾರ್ಖಾನೆಯ ಗುಮಾಸ್ತ ಗ್ರಂಥಾಲಯಕ್ಕೆ ಕಾಗದ ತಂದು, ಇಂಕಿನ ಪ್ಯಾಡು ತೆರೆದು ನಿಂತ. ನನ್ನ ಪದವಿ, ವಿಶ್ವವಿದ್ಯಾಲಯ, ರ್‍ಯಾಂಕು ಎಲ್ಲ ಮೊದಲೇ ಟೈಪಾಗಿದ್ದವು. ಸಹಿ ಮಾಡುವುದಷ್ಟೇ ಬಾಕಿ.

ಮಾಡಿದೆ. ಮೊಹರನ್ನೂ ಒತ್ತಿದೆ. ಗುಮಾಸ್ತ ಎದುರಿಗೇ ನಿಂತಿದ್ದ, ಬೇರೆ ಏನು ಮಾಡಲು ಸಾಧ್ಯವಿತ್ತು.

ಮಧ್ಯಾಹ್ನ ನಿಪ್ಪಾಣಿಯ ಪ್ರೆಸ್ಸಿಗೆ ಕರಡು ತಿದ್ದಲು ಹೋದೆ. ಯಾದಿಯಲ್ಲಿ ಒಂದು ಅಂಕಣ ಖಾಲಿ ಕಾಣುತ್ತಿತ್ತು, ಪುಟ ಚೆನ್ನಾಗಿ ಕಾಣಲಿ ಎಂದು ಮೂವತ್ತನಾಲ್ಕು ಸಾಲಿಗೂ 'ರಚನೆ: ಕಾಡಸಿದ್ದ ಮಾಸ್ತರರು' ಎಂದು ಸೇರಿಸಿದೆ. ನಲವತ್ತನೆಯದಕ್ಕೂ.

೩ ನವೆಂಬರ್, ಗುರುವಾರ

ಬಾಯ್ಲರಿಗೆ ಬೆಂಕಿ ಬಿತ್ತು. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಯ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಯಿತು. ನಿರೂಪಕ ನನ್ನನ್ನು 'ಖ್ಯಾತ ಲೇಖಕಿ ಉಜ್ವಲಾತಾಯಿ' ಎಂದು ಕರೆದು, ಚಪ್ಪಾಳೆಗೆ ಜಾಗ ಬಿಟ್ಟ. ಜಾಗ ಹಾಗೇ ಉಳಿಯಿತು. ದೊಡ್ಡ ಕಹಳೆಯ ಬಾಯಿಗೆ ಕೆಂಪು ರಿಬ್ಬನ್. ಭಾವುಸಾಹೇಬರನ್ನು ಇಬ್ಬರು ಹಿಡಿದು ಎಬ್ಬಿಸಿದರು. ಎಂಬತ್ತರ ಮೇಲಾಗಿದೆ, ಆದರೂ ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದರು. ಕತ್ತರಿ ಈ ಸಲ ಹರಿತವಿತ್ತು.

ಮಾಸ್ತರರು ಮುಂದೆ ನಿಂತಿದ್ದರು. ಎರಡು ಹಲ್ಲುಗಳನ್ನು ಪಕ್ಕದವಕ್ಕೆ ಸೇರಿಸಿ ಬಿಳಿ ದಾರದಿಂದ ಬಿಗಿದುಕೊಂಡಿದ್ದರು. ಚೀಟಿ ಹೊಲಿಯುವ ದಾರವೇ ಇರಬೇಕು.

ಕೋಮಲ ಬಾಯಿ ತೆರೆದಳು, ಮೈಕು ಕುಂಯ್ ಎಂದು ಸತ್ತಿತು. ಮೊದಲ ಸಾಲಿನಲ್ಲಿ ಕೂತಿದ್ದ ನನಗೇ ಅವಳು ಏನು ಹಾಡುತ್ತಿದ್ದಾಳೆ ಎಂದು ತಿಳಿಯಲಿಲ್ಲ. ನನ್ನ ಪದ್ಯ ಬಾಯ್ಲರಿನ ಸದ್ದಿಗೆ ಹೋಯಿತು. ಇದರ ಬಗ್ಗೆ ಬೇಸರವಾಗಬೇಕಿತ್ತು, ಆದರೆ ಆಗ ನನಗೆ ಬಿಡುವಿರಲಿಲ್ಲ. ಮೇಲಕ್ಕೆ ಹೋಗುವ ಆ ಜಾಗ ಬರುತ್ತಿತ್ತು. ಬಂತು. ಹದಿಮೂರು ವಾದ್ಯಗಳು ಕೆಳಗಿದ್ದವು, ಕ್ಲಾರಿನೆಟ್ಟು ಒಂದೇ ಮೇಲೆ ನಿಂತಿತ್ತು, ಇಳಿಯಲಿಲ್ಲ. ಕಾಟಾದ ಕಡೆ ಗಾಡಿಗಳ ಸಾಲಿನಲ್ಲಿ ಯಾವನೋ ಹಾರನ್ ಬಾರಿಸುತ್ತಿದ್ದವನು ನಿಲ್ಲಿಸಿದ.

ಆಗಲೇ ಭಾವುಸಾಹೇಬರು ತಲೆ ಎತ್ತಿದ್ದು. ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. ಬಾಗಿಯೇ ಇದ್ದರು. ಚಾಲ ಮುಗಿಯಿತು. ಅವರು ದಾದಾಸಾಹೇಬರ ತೋಳು ಹಿಡಿದು, ಕೋಲೂರಿಕೊಂಡು, ವೇದಿಕೆಯ ಅಂಚಿಗೆ ಬಂದು ಮಾಸ್ತರರ ಮುಂದೆ ನಿಂತರು. ನನ್ನ ಸೀರೆಯ ಸೆರಗು ಕೈಯಲ್ಲಿ ಹಗ್ಗವಾಗಿತ್ತು. ನನ್ನ ಸಹಿ, ನನ್ನ ಮೊಹರು, ಬಾಗಿಲ ಮರೆಯ ಆ ಚೀಲ.

"ಇದಕ್ಕ ಚಾಲ ಅಂತಾರ ನೋಡ ಕಾಡಸಿದ್ದ," ಎಂದರು ಭಾವುಸಾಹೇಬರು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. "ಎಂಬತ್ತಾರರಾಗ ನನಗೊಂದ ಕಟ್ಟಿದ್ದಿ. ಅದರಾಗ ಏನೂ ದಮ್ ಇರಲಿಲ್ಲ."

ದಾದಾಸಾಹೇಬರ ಮುಖ ಅರಳಿತು. ಕೊರಳ ಹಾರವನ್ನು ತೆಗೆದು ಮಾಸ್ತರರಿಗೆ ಹಾಕಿಯೇಬಿಟ್ಟರು. ನಲವತ್ತು ವರ್ಷದಲ್ಲಿ ಬ್ಯಾಂಡಿನವರೊಬ್ಬರ ಕೊರಳಿಗೆ ಬಿದ್ದ ಮೊದಲ ಹಾರ. ಬಾಡಿತ್ತು, ಆದರೂ ಹಾರ. ಮಾಸ್ತರರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ಎಲ್ಲರೂ ತಿಳಿದರು. ನಾನು ಎದ್ದು ಕೈ ತೊಳೆಯುವ ನಲ್ಲಿಯ ಕಡೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

೫ ನವೆಂಬರ್

ದಾದಾಸಾಹೇಬ ಫೋನು ಮಾಡಿದ್ದ. ಹಾಡು ಬಹಳ ಚಲೋ ಆಯಿತಂತೆ. ಹಾಗಾದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಇನ್ನೊಮ್ಮೆ ಹಾಡಿಸೋಣ, ಅವತ್ತು ಪದಗಳು ಕೇಳಿಸಲಿಲ್ಲ ಎಂದೆ. ತಂದೆಯವರಿಗೆ ಅರ್ಪಿಸಿ ಆಯಿತಲ್ಲ ಮೇಡಂ, ಇನ್ನ ಅದು ಎಲ್ಲೂ ಬರಬಾರದು ಎಂದ. ನನ್ನನ್ನು ಸಮಾಧಾನ ಮಾಡುವವನಂತೆ, ಬರುವ ವರ್ಷ ಹೊಸದು ಬರೆಯಿರಿ ಎಂದ.

೧೩ ನವೆಂಬರ್, ರವಿವಾರ

ಮಾಸ್ತರರ ಹಲ್ಲು ತೆಗೆದು ನಾಲ್ಕು ದಿನವಾಗಿದೆ ಎಂದು ಗೊತ್ತಾಗಿ ನೋಡಲು ಹೋದೆ. ಹಿಟ್ಟಿನ ಡಬ್ಬಿಯನ್ನೂ ಮರಳಿಸಬೇಕಿತ್ತು. ಬಾಗಿಲ ಮರೆಯಲ್ಲಿ ಚೀಲ ಇರಲಿಲ್ಲ. ಪಾತ್ರೆಗಳು ಮತ್ತೆ ಗೋಡೆಯ ಹಲಗೆಯ ಮೇಲೆ ಸಾಲಾಗಿದ್ದವು. ಕ್ಲಾರಿನೆಟ್ಟನ್ನು ಕಾಳವ್ವ ಹಳೆಯ ಧೋತರದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ್ದರು.

ಮೇಲ್ದುಟಿ ಒಳಗೆ ಹೋಗಿ ಮಾಸ್ತರರ ಮುಖ ಬೇರೆ ಯಾರದೋ ಆಗಿತ್ತು. ಎರಡನೆಯ ಸಲ ಕೇಳಿದಿರಲ್ಲ, ಹೇಗಿತ್ತು ಎಂದು ಕೇಳಿದೆ. ಎಂಬತ್ತಾರರಲ್ಲಿ ತಿಳಿದುಕೊಂಡಿದ್ದಷ್ಟು ಚಲೋ ಇಲ್ಲವಂತೆ, ಎರಡು ಕಡೆ ಉದ್ದವಾಗಿದೆಯಂತೆ. ಆದರೆ ಆ ಒಂದು ಜಾಗ ಸರಿಯಾಗಿದೆಯಂತೆ. ಇಷ್ಟನ್ನು ಹೇಳುವಾಗ ಅವರಿಗೆ ಎಷ್ಟು ಸಂತೋಷವಿತ್ತೆಂದರೆ, ನಾನು ಆಡಬೇಕೆಂದಿದ್ದ ಹೊಗಳಿಕೆಯನ್ನು ಹಾಗೇ ನುಂಗಿಕೊಂಡೆ.

ಆಮೇಲೆ ಅವರು ಕೇಳಿದರು, "ನಿಮ್ಮ ಪದ ಒಮ್ಮಿ ಓದ್ರಿ ಅಕ್ಕಾರ. ಅವತ್ತ ನಾ ಬೆರಳ ನೋಡಾಕತ್ತಿದ್ದೆ."

ಅದನ್ನು ಹೀಗೆ ಓದಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಓದಿದೆ. ಕಬ್ಬಿನ ಒಡಲು, ಉರಿಯ ತೊಟ್ಟಿಲು. ಮೂರನೆಯ ಸಾಲಿಗೆ ಬರುತ್ತಲೇ ಮಾಸ್ತರರು ಕೈ ಎತ್ತಿದರು.

"ಅದನ್ನ ಬಿಡ್ರಿ. ಅಲ್ಲೆ ನಾ ಉಸಿರ ತಗೊಂಡಿದ್ದೆ."

ತಾಲೀಮಿನಲ್ಲೂ, ಬಾಯ್ಲರಿನ ಮುಂದೆಯೂ. ಹಲ್ಲು ನೋವು ಎಂದುಕೊಂಡಿದ್ದೆ ನಾನು.

ಮತ್ತೆ ಮೊದಲಿನಿಂದ ಓದಿದೆ. ಈ ಸಲ ಮೂರನೆಯ ಸಾಲಿಗೆ ಸೆಪ್ಟೆಂಬರಿನಲ್ಲಿ ಮೊದಲು ಬಂದಿದ್ದನ್ನು, ಹಗಲಿರುಳು ಬೆವರಿದ ಕೈಯಿದು ಎಂಬುದನ್ನು ಹಾಕಿ ಓದಿದೆ. ಮಾಸ್ತರರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮೊಣಕಾಲಿನ ಮೇಲೆ ಅವರ ಹತ್ತೂ ಬೆರಳುಗಳು ಏಳುತ್ತ ಬೀಳುತ್ತ ಇದ್ದವು. ಮೂರನೆಯ ಸಾಲಿಗೆ ನಿಲ್ಲಲಿಲ್ಲ.